ತೊಳೆಯದೆ ಬಿಟ್ಟ ಗ್ಲಾಸು

ಕಳೆದ ತಿಂಗಳು ಡೊಂಬಿವಲಿಯಲ್ಲಿ ನನ್ನ ತಂಗಿಯ ಮಗಳ ಹೊಸ ಫ್ಲ್ಯಾಟಿಗೆ ಊಟಕ್ಕೆ ಹೋಗಿದ್ದೆ. ಅವಳ ಗಂಡ ಕಾರ್ತಿಕ್ ಬೆಂಗಳೂರಿನವನು, ನವಿ ಮುಂಬಯಿಯ ಯಾವುದೋ ಕಂಪನಿಯಲ್ಲಿ ಕೆಲಸ. ಒಳ್ಳೆಯ ಹುಡುಗ. ನಾನು ಬಾರಿನ ಕೌಂಟರಿನ ಹಿಂದೆ ನಿಂತೇ ಕೂದಲು ಹಣ್ಣಾಗಿಸಿಕೊಂಡವನು ಎಂದು ಅವನಿಗೆ ಗೊತ್ತು. ನನ್ನ ಮರ್ಯಾದೆಗೆಂದೇ ಒಂದು ಸಿಂಗಲ್ ಮಾಲ್ಟ್ ಬಾಟಲಿ ತಂದಿಟ್ಟಿದ್ದ. ಮುಚ್ಚಳ ತೆಗೆಯುವ ಮೊದಲು ಮೊಬೈಲಿನಲ್ಲಿ ಬಾಟಲಿಯ ಫೋಟೋ ತೆಗೆದ. ಮೊಬೈಲಿನ ಯಾವುದೋ ಆಪ್ ಅದಕ್ಕೆ ಅಂಕ ಕೊಟ್ಟಿತು. ಅಂಕ ನೋಡಿ ಅವನ ಮುಖ ಸಣ್ಣದಾಯಿತು.

"ಅಂಕಲ್, ಜಾಸ್ತಿ ಎಕ್ಸ್‌ಪೆಕ್ಟ್ ಮಾಡ್ಬೇಡಿ. ಇದು ಬರೀ ಎಂಟ್ರಿ ಲೆವೆಲ್. ಐಸ್ ಹಾಕ್ಕೊಂಡು ಹೊಡೆದ್ಬಿಡಿ."

ಗ್ಲಾಸಿನ ಕತ್ತಿನವರೆಗೆ ಐಸ್ ತುಂಬಿ, ಅದರ ಮೇಲೆ ವಿಸ್ಕಿ ಸುರಿದು ಕೈಗೆ ಕೊಟ್ಟ. ಅಷ್ಟು ಐಸ್ ಹಾಕಿದ ಮೇಲೆ ಒಳಗಿರುವುದು ಸ್ಕಾಟ್ಲೆಂಡಿನ ಮಾಲ್ಟೋ ಮಜ್ಜಿಗೆಯೋ ದೇವರಿಗೂ ಗೊತ್ತಾಗುವುದಿಲ್ಲ. ತಣ್ಣಗಾದ ವಿಸ್ಕಿಗೆ ವಾಸನೆಯೇ ಏಳುವುದಿಲ್ಲ. ನೆಂಟರ ಮನೆ, ಸುಮ್ಮನೆ ಕುಡಿದೆ. ಆದರೆ ವಾಪಸು ಲೋಕಲ್ ರೈಲಿನಲ್ಲಿ ಕುಳಿತಾಗ ಸಿಟ್ಟು ಇಳಿಯಲೇ ಇಲ್ಲ. ಬರೀ ಎಂಟ್ರಿ ಲೆವೆಲ್ ಅಂತೆ! ಒಂದು ಮನೆಯ ಹೊಸ್ತಿಲನ್ನು ನೋಡಿ "ಇದು ಬರೀ ಹೊಸ್ತಿಲು" ಎಂದು ಯಾರಾದರೂ ಹೇಳುತ್ತಾರೆಯೇ?

ಈಗ ಬಾರಿನ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಕೋರ್ಸು ಮಾಡಿ ಬರುತ್ತಾರೆ, ಬಾಟಲಿಯನ್ನು ಗಾಳಿಯಲ್ಲಿ ತಿರುಗಿಸುತ್ತಾರೆ. ಮೂಗನ್ನು ಮಾತ್ರ ಎಲ್ಲೋ ಬಿಟ್ಟು ಬಂದಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಊರಿನಲ್ಲಿ ಅರ್ಧಕ್ಕೆ ಶಾಲೆ ಬಿಟ್ಟವನು. ಸಂಜೆ ಬಾರಿನಲ್ಲಿ ಕೆಲಸ ಇದ್ದವನಿಗೆ ರಾತ್ರಿ ಶಾಲೆಯೂ ಸಿಗಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಬರೆದದ್ದು ಮದುವೆಯಾದ ಮೇಲೆ. ಹಾಗಾಗಿ ಬರಹದಲ್ಲಿ ಚಂದ ಹುಡುಕಬೇಡಿ.

ನಾನು ಕಾರ್ಕಳದ ಕಡೆಯಿಂದ ಬಂದು ಸೇರಿದ್ದು ಠಾಣೆ ಪೂರ್ವದ ಕೋಪರಿಯ ಒಂದು ಪರ್ಮಿಟ್ ರೂಮಿಗೆ, ಅಂದರೆ ಇಲ್ಲಿನ ಸಾದಾ ಬಾರಿಗೆ. ಸ್ಟೇಷನ್ನಿನ ಸೇತುವೆ ಇಳಿದರೆ ಐದು ನಿಮಿಷದ ದಾರಿ. ಮಾಲೀಕರನ್ನು ನಾವೆಲ್ಲ ಧಣಿ ಎನ್ನುತ್ತಿದ್ದೆವು, ಅವರೂ ನಮ್ಮ ಕಡೆಯವರೇ. ನನಗೆ ಸಿಕ್ಕಿದ್ದು ಮೋರಿಯ ಕೆಲಸ. ಮೋರಿ ಎಂದರೆ ಇಲ್ಲಿನ ಮಾತಿನಲ್ಲಿ ಪಾತ್ರೆ ತೊಳೆಯುವ ಜಾಗ. ಆಗ ಕೋಪರಿಯಲ್ಲಿ ನಳದ ನೀರು ಬರುತ್ತಿದ್ದುದು ಬೆಳಿಗ್ಗೆ ಮಾತ್ರ. ತುಂಬಿಟ್ಟ ನೀರು ಸಂಜೆಯ ಅಡುಗೆಗೇ ಮುಗಿದುಹೋಗುತ್ತಿತ್ತು. ಆದ್ದರಿಂದ ಬಾರು ಮುಚ್ಚುವ ಹೊತ್ತಿನ ಗ್ಲಾಸುಗಳನ್ನು ಯಾರೂ ತೊಳೆಯುತ್ತಿರಲಿಲ್ಲ. ಸಾಲಾಗಿ ಜೋಡಿಸಿ ಮೇಲೊಂದು ಬಟ್ಟೆ ಮುಚ್ಚಿ ಬಿಡುವುದು, ಬೆಳಿಗ್ಗೆ ನೀರು ಬಂದ ಮೇಲೆ ತೊಳೆಯುವುದು. ಇದು ಕಲೆಯೂ ಅಲ್ಲ, ಶಾಸ್ತ್ರವೂ ಅಲ್ಲ. ನೀರಿಲ್ಲದ್ದಕ್ಕೆ ಬಂದ ಅಭ್ಯಾಸ.

ಕೌಂಟರಿನಲ್ಲಿ ಇದ್ದವರು ವಾಸಣ್ಣ. ದೊಡ್ಡ ಹೊಟ್ಟೆ, ಸಣ್ಣ ಕಣ್ಣು. ಒಂದು ದಿನ ಬೆಳಿಗ್ಗೆ ಅವರು ಮೋರಿಗೆ ಬಂದು ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಗ್ಲಾಸು ಎತ್ತಿ ಮೂಸುವುದನ್ನು ಕಂಡು ನನಗೆ ನಗು ಬಂತು.

"ಎಂತ ನಗುದು ಮಾರಾಯ? ಬಾ ಇಲ್ಲಿ. ಇದು ಮೂಸು."

ಮೂಸಿದೆ. ಹಳಸಿದ ಬೆಲ್ಲದ ಪಾಕದ ವಾಸನೆ, ಅದರಡಿಯಲ್ಲಿ ಏನೂ ಇಲ್ಲ.

"ಈಗ ಇದು."

ಎರಡನೆಯದರಲ್ಲಿ ಸಾರಾಯಿಯ ಘಾಟು ಚೂರೂ ಇರಲಿಲ್ಲ. ಒಣಹುಲ್ಲು, ಹುರಿದ ಧಾನ್ಯ, ಎಲ್ಲೋ ಒಂದು ತೊಟ್ಟು ಜೇನು. ಬಿಸ್ಕೀಟಿನ ಡಬ್ಬಿ ತೆರೆದ ಹಾಗೆ.

"ಮೊದಲಿನದ್ದು ಕಾಕಂಬಿಯ ಸ್ಪಿರಿಟ್ಟು ಬೆರೆಸಿದ್ದು. ಸಕ್ಕರೆ ಫ್ಯಾಕ್ಟರಿಯ ಪಾಕ. ಎರಡನೆಯದ್ದು ನಿನ್ನೆ ಆ ಹಡಗಿನ ಎಂಜಿನಿಯರು ತಂದು ಕುಡಿದದ್ದು. ಬರೀ ಬಾರ್ಲಿಯ ಮೊಳಕೆಯಿಂದ ಮಾಡಿದ್ದು, ಒಂದೇ ಭಟ್ಟಿಯದ್ದು. ಅದಕ್ಕೆ ಸಿಂಗಲ್ ಮಾಲ್ಟ್ ಅಂತ ಹೇಳುದು. ಸಾರಾಯಿ ಹಾರಿಹೋದ ಮೇಲೆ ಎಂತ ಉಳೀತದೆ, ಅದು ಆ ವಿಸ್ಕಿಯ ಬೆಲೆ. ಬಾಟಲಿ ಮೇಲೆ ಬರೆದದ್ದಲ್ಲ."

ಅಲ್ಲಿಂದ ಮುಂದೆ ನನ್ನ ಶಾಲೆ ಆ ಮೋರಿಯೇ. ನಾನು ಕುಡಿತ ಕಲಿಯುವ ಮೊದಲು ವಾಸನೆ ಕಲಿತೆ. ಯಾವ ಮೇಜಿನವರು ಏನು ಕುಡಿದರು ಎಂದು ಬೆಳಿಗ್ಗೆ ಗ್ಲಾಸು ಮೂಸಿ ಹೇಳುವ ಆಟ ಆಡುತ್ತಿದ್ದೆವು. ಸೋತವನು ಚಹಾ ಕುಡಿಸಬೇಕು. ನಾನು ಬೇಕಾದಷ್ಟು ಚಹಾ ಕುಡಿಸಿದ್ದೇನೆ.

ಕೌಂಟರಿಗೆ ಬಂದ ಮೇಲೆ ಮಾಡಿದ ಎಡವಟ್ಟೊಂದು ಈಗಲೂ ನೆನಪಿದೆ. ಮೊದಲ ಸಲ ನಮ್ಮ ಬಾರಿಗೆ ಹೊಗೆಯ ಮಾಲ್ಟ್ ಬಂತು. ಸ್ಕಾಟ್ಲೆಂಡಿನ ಜೌಗು ಮಣ್ಣನ್ನು ಸುಟ್ಟು, ಆ ಹೊಗೆಯಲ್ಲಿ ಬಾರ್ಲಿ ಒಣಗಿಸುತ್ತಾರೆ ಎಂಬುದು ನನಗೇನು ಗೊತ್ತು? ಮುಚ್ಚಳ ತೆಗೆದರೆ ಆಸ್ಪತ್ರೆಯ ಟಿಂಚರಿನ ವಾಸನೆ. "ವಾಸಣ್ಣ, ಯಾರೋ ಇದಕ್ಕೆ ಔಷಧಿ ಬೆರೆಸಿದ್ದಾರೆ" ಎಂದು ಗಿರಾಕಿಗಳ ಮುಂದೆಯೇ ಕೂಗಿದೆ. ಬಾಟಲಿಯನ್ನು ವಾಪಸು ಕಳಿಸಲು ಪೆಟ್ಟಿಗೆಗೂ ಹಾಕಿದ್ದೆ. ವಾಸಣ್ಣ ನಕ್ಕು ನಕ್ಕು ಮೇಜು ಹಿಡಿದುಕೊಂಡರು. "ಗಾಯ ಆದ್ರೆ ಹಚ್ಚಿಕೊ ಮಾರಾಯ" ಎಂದರು. ಗೊತ್ತಿಲ್ಲದ ವಾಸನೆ ಕೆಟ್ಟ ವಾಸನೆಯಾಗಬೇಕಿಲ್ಲ ಎಂದು ಆವತ್ತು ತಿಳಿಯಿತು.

ಹೊಸಬರು ಕೇಳುತ್ತಾರೆ, ಎಂಟ್ರಿ ಲೆವೆಲ್ ಮಾಲ್ಟನ್ನು ಅಳೆಯುವುದು ಹೇಗೆ ಎಂದು. ಇದರಲ್ಲಿ ಮಂತ್ರವಿಲ್ಲ. ಬೆಳಿಗ್ಗೆ ಮೀನು, ಬೆಳ್ಳುಳ್ಳಿ, ಪಾನು ಏನೂ ಬೇಡ. ಸಣ್ಣ ಗ್ಲಾಸಿಗೆ ಸ್ವಲ್ಪ ಹಾಕಿ ಕಾಯಬೇಕು. ಮೂಗು ಗ್ಲಾಸಿನ ಒಳಗೆ ತುರುಕಬಾರದು. ಬಾಯಿ ತುಸು ತೆರೆದು ಮೇಲಿಂದ ಮೂಸಬೇಕು. ಆಮೇಲೆ ಕೆಲವು ಹನಿ ನೀರು. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದನ್ನು ತೆರೆದ ಪಾತ್ರೆಯಲ್ಲಿ ಇಟ್ಟು ವಾಸನೆ ಹೋದ ಮೇಲೆ ಹಾಕಬೇಕು. ಒಳ್ಳೆಯ ಮಾಲ್ಟು ಹನಿ ನೀರು ಬಿದ್ದ ಕೂಡಲೇ ಬಾಗಿಲು ತೆರೆಯುತ್ತದೆ, ಕೆಟ್ಟದ್ದು ತೆಳ್ಳಗಾಗುತ್ತದೆ ಅಷ್ಟೆ. ನಾಲಿಗೆಯ ತುದಿಗೆ ಸೂಜಿ ಚುಚ್ಚಿದ ಹಾಗಾದರೆ ಅದು ಪೀಪಾಯಿಯಲ್ಲಿ ಸಾಕಷ್ಟು ದಿನ ಮಲಗಿಲ್ಲ. ನುಂಗಿದ ಮೇಲೆ ಸುಟ್ಟ ಸಕ್ಕರೆಯ ಕಹಿ ಉಳಿದರೆ ಬಣ್ಣಕ್ಕೆಂದು ಏನೋ ಸೇರಿಸಿದ್ದಾರೆ. ಕೊನೆಗೆ ಖಾಲಿ ಗ್ಲಾಸನ್ನು ತೊಳೆಯದೆ ಮುಚ್ಚಿಟ್ಟು ಮರುದಿನ ಬೆಳಿಗ್ಗೆ ಮೂಸಬೇಕು.

ಇಷ್ಟಾದ ಮೇಲೆ ಬೆಲೆಯ ಚೀಟಿ ನೋಡಿ. ಮೊದಲು ನೋಡಬೇಡಿ. ಬೆಲೆ ನೋಡಿ ಕುಡಿದರೆ ದುಬಾರಿಯದೆಲ್ಲ ರುಚಿಯಾಗುತ್ತದೆ. ಇದರಲ್ಲಿ ಬಡವ ಶ್ರೀಮಂತ ಎಂಬ ಭೇದವಿಲ್ಲ. ಹದಿನೆಂಟು ವರ್ಷದ ವಿಸ್ಕಿ ಚೆನ್ನಾಗಿರುವುದರಲ್ಲಿ ಏನು ದೊಡ್ಡ ಸಂಗತಿ? ಉಡುಪಿ ಹೋಟೆಲಿನ ಯೋಗ್ಯತೆಯನ್ನು ಯಾರೂ ಅಲ್ಲಿನ ಪನೀರಿನಿಂದ ಅಳೆಯುವುದಿಲ್ಲ, ಇಡ್ಲಿಯಿಂದ ಅಳೆಯುತ್ತಾರೆ. ಒಂದು ಭಟ್ಟಿಯವರು ತಮ್ಮ ಅತಿ ಅಗ್ಗದ ಬಾಟಲಿಗೆ ಏನು ತುಂಬುತ್ತಾರೆ ಎಂಬುದರಲ್ಲಿ ಅವರ ಪ್ರಾಮಾಣಿಕತೆ ಇರುತ್ತದೆ. ಈ ಮಾತನ್ನು ನಾನು ಗಿರಾಕಿಗಳಿಗೆ ಹೇಳಿ ಹೇಳಿ, ಒಂದು ಸಾಧಾರಣ ಮಾಲ್ಟಿಗೆ ನಮ್ಮ ಬಾರಿನಲ್ಲಿ ಹೆಸರು ತಂದೆ. ಸಾದಾ ರಟ್ಟಿನ ಡಬ್ಬಿ, ಬಂಗಾರದ ಅಕ್ಷರವಿಲ್ಲ. ಅದರ ಹೆಸರು ಇಲ್ಲಿ ಬೇಡ. ಆ ಹೆಸರೇ ಮುಂದೆ ಎಲ್ಲ ಅನರ್ಥಕ್ಕೂ ದಾರಿಯಾಯಿತು.

ಆ ಮಾಲ್ಟನ್ನು ನನ್ನಿಂದ ಕಲಿತವರಲ್ಲಿ ಕುಲಕರ್ಣಿ ಸರ್ ಒಬ್ಬರು. ಧಾರವಾಡದವರು, ಬೇಲಾಪುರದ ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್, ಮನೆ ಡೊಂಬಿವಲಿಯಲ್ಲಿ. ಬೇಲಾಪುರದಿಂದ ಬಂದು ಠಾಣೆಯಲ್ಲಿ ಗಾಡಿ ಬದಲಿಸಬೇಕಲ್ಲ, ಸಂಬಳದ ದಿನ ಆ ಎರಡು ಗಾಡಿಗಳ ನಡುವೆ ನಮ್ಮಲ್ಲಿಗೆ ಬಂದು ಒಂದೇ ಪೆಗ್ ಕುಡಿದು ಹೋಗುತ್ತಿದ್ದರು. ಎರಡನೆಯದನ್ನು ಎಂದೂ ಕೇಳಿದವರಲ್ಲ.

"ಶೇಖರಪ್ಪಾ, ನಮ್ಮ ಬಾರ್ಲಿ ನೀರು ಕೊಡಪಾ."

"ಸರ್, ಇವತ್ತು ಹೊಸ ಬಾಟಲಿ. ಮೊದಲು ಮೂಸಿ ನೋಡಿ."

"ನೀ ಮೂಸೀಯಲ್ಲ, ಸಾಕು. ಮಂದಿ ಜ್ಯೋತಿಷಿ ಮಾತು ನಂಬ್ತಾರ, ನಾ ನಿನ್ನ ಮೂಗು ನಂಬೇನಿ."

ನಗುನಗುತ್ತ ಆಡಿದ ಮಾತು. ಕೇಳಿ ನನ್ನ ಎದೆ ಉಬ್ಬುತ್ತಿತ್ತು.

ಅಷ್ಟರಲ್ಲಿ ವಾಸಣ್ಣ ಊರಿಗೆ ಹೋಗಿ ತೀರಿಕೊಂಡಿದ್ದರು. ಧಣಿಗಳಿಗೆ ಮಂಡಿನೋವು, ಮಾಜಿವಾಡಾದ ಮನೆಯಿಂದ ಇಳಿಯುವುದೇ ಅಪರೂಪ. ಬಾರು ಮಗ ನಿಖಿಲ್ ಕೈಗೆ ಬಂತು. ಇಲ್ಲೇ ಹುಟ್ಟಿದ ಹುಡುಗ. ತುಳು ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ಪರ್ಮಿಟ್ ರೂಮು ಹೋಗಿ ಲೌಂಜ್ ಆಯಿತು. ನೀಲಿ ದೀಪ ಬಂತು. ಗ್ಲಾಸು ತೊಳೆಯುವ ಯಂತ್ರವೂ ಬಂತು. ಈಗ ದಿನವಿಡೀ ನೀರು, ಹಾಗಾಗಿ ಗ್ಲಾಸು ಮೇಜಿನಿಂದ ನೇರ ಯಂತ್ರದ ಹೊಟ್ಟೆಗೆ. ಯಂತ್ರಕ್ಕೆ ಹಾಕುವ ಹೊಳಪಿನ ದ್ರವಕ್ಕೆ ನಿಂಬೆಯ ಘಮ. ಗ್ಲಾಸು ಪಳಪಳ ಹೊಳೆಯುತ್ತದೆ, ಆದರೆ ಯಾವುದನ್ನು ಮೂಸಿದರೂ ನಿಂಬೆ. ನಾನು ಹೇಳಿದೆ, ಜಗಳವಾಡಿದೆ, ನನ್ನ ಮಾಲ್ಟಿನ ಗ್ಲಾಸುಗಳನ್ನಾದರೂ ಬರೀ ಬಿಸಿನೀರಿನಲ್ಲಿ ತೊಳೆಯಲು ಬಿಡು ಎಂದು ಕೇಳಿದೆ.

"ಶೇಖರಣ್ಣ, ಹೈಜೀನ್ ಭೀ ಕುಛ್ ಹೋತಾ ಹೈ," ಎಂದು ನಿಖಿಲ್ ನನಗೇ ಸ್ವಚ್ಛತೆಯ ಪಾಠ ಹೇಳಿದ. "ಗೆಸ್ಟ್ ಲೋಗ್ ತೋ ಖುಷ್ ಹೈಂ. ಸಬ್ ಬೋಲ್ತೇ ಹೈಂ, ಲೆಮನ್ ಕಾ ಫ್ಲೇವರ್ ಕ್ಯಾ ಮಸ್ತ್ ಹೈ."

ಹೌದು, ನಿಂಬೆಯ ರುಚಿ ಚೆನ್ನಾಗಿದೆ ಎಂದು ಗಿರಾಕಿಗಳು ಹೇಳುತ್ತಿದ್ದರು! ಸಾವಿರಾರು ಮೈಲಿ ದೂರದ ಬಾರ್ಲಿಯಲ್ಲಿ ಅವರಿಗೆ ನಮ್ಮ ಸಾಬೂನು ಕಾಣುತ್ತಿತ್ತು. ನಿಖಿಲ್ ಹೊಸ ಮೆನು ಕಾರ್ಡಿನಲ್ಲಿ ನನ್ನ ಮಾಲ್ಟಿನ ಹೆಸರಿನ ಕೆಳಗೆ "ನಿಂಬೆ ಮತ್ತು ಕಿತ್ತಳೆ ಸಿಪ್ಪೆಯ ಸುವಾಸನೆ" ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಆ ಕಾರ್ಡು ನೋಡಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಇನ್ನೊಂದು ಪದ್ಧತಿಯನ್ನೂ ಅವನು ನಿಲ್ಲಿಸಿದ. ಮಾಲ್ಟಿನ ಬಾಟಲಿ ಖಾಲಿಯಾದರೆ ವಾಸಣ್ಣ ಅದರ ಲೇಬಲ್ಲಿಗೆ ಚಾಕುವಿನಿಂದ ಅಡ್ಡ ಗೀರು ಹಾಕಿ, ಮುಚ್ಚಳ ಜಜ್ಜಿಯೇ ಭಂಗಾರಿನವನಿಗೆ, ಅಂದರೆ ಗುಜರಿಯವನಿಗೆ, ಕೊಡುತ್ತಿದ್ದರು. ಯಾಕೆಂದರೆ ಹಳೆ ಸಾಮಾನಿನ ದಂಧೆಯಲ್ಲಿ ಒಳ್ಳೆಯ ಬಾಟಲಿಗೆ ಬೇರೆಯೇ ಗಿರಾಕಿಗಳಿದ್ದಾರೆ. ಅದಕ್ಕೆ ಏನೇನೋ ತುಂಬಿ, ಹೊಸ ಸೀಲು ಹಾಕಿ ಮತ್ತೆ ಮಾರುತ್ತಾರೆ. ನಿಖಿಲ್ ಗೀರು ಹಾಕುವುದು ಬೇಡ ಎಂದ. ಡಬ್ಬಿಯ ಸಮೇತ ಚೊಕ್ಕ ಬಾಟಲಿ ಕೊಟ್ಟರೆ ಒಬ್ಬ ಏಜೆಂಟ್ ಚೆನ್ನಾಗಿ ದುಡ್ಡು ಕೊಡುತ್ತಾನೆ, ದೀಪ ಮಾಡಲು ಬೇಕಂತೆ ಎಂದ. ಠಾಣೆಯಲ್ಲಿ ಅಷ್ಟು ದೀಪ ಉರಿಯುವುದನ್ನು ನಾನಂತೂ ಕಂಡಿಲ್ಲ.

ಒಂದು ಅಭ್ಯಾಸ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಗೋದಾಮಿನಿಂದ ಕೌಂಟರಿಗೆ ಬಂದ ಮಾಲ್ಟಿನ ಬಾಟಲಿಯ ತಳಕ್ಕೆ ನಾನು ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಡುತ್ತಿದ್ದೆ. ಕೆಲವು ಬಾರುಗಳಲ್ಲಿ ಕೆಲಸದವರೇ ಹೊರಗಿನಿಂದ ಬಾಟಲಿ ತಂದು, ಮಾಲೀಕನ ಬಾಟಲಿಯ ಜೊತೆ ನಿಲ್ಲಿಸಿ, ಅದರ ಪೆಗ್ಗಿನ ಹಣ ಕಿಸೆಗೆ ಹಾಕುತ್ತಾರೆ. ಚುಕ್ಕೆ ಇದ್ದರೆ ನಮ್ಮದು, ಇಲ್ಲದಿದ್ದರೆ ಕಳ್ಳ ಮಾಲು. ವಾಸಣ್ಣ ಕಲಿಸಿದ್ದು. ಹೆಂಡತಿಯ ಉಗುರುಬಣ್ಣ ಕದ್ದು ತರುತ್ತಿದ್ದೆ, "ಯಾರಿಗೆ ಹಚ್ಲಿಕ್ಕೆ ತಗೊಂಡು ಹೋಗ್ತೀರಿ?" ಎಂದು ಅವಳು ಗದರುತ್ತಿದ್ದಳು.

ಕುಲಕರ್ಣಿ ಸರ್ ನಿವೃತ್ತರಾದರು. ಕಚೇರಿಯ ಮಂದಿಯನ್ನೆಲ್ಲ ಒಂದು ಮಧ್ಯಾಹ್ನ ನಮ್ಮ ಎಸಿ ಹಾಲಿಗೆ ಊಟಕ್ಕೆ ಕರೆತಂದರು. ಒಂದೇ ಪೆಗ್ಗಿನ ಮನುಷ್ಯ ಅಂದು ಪೂರ್ತಿ ಬಾಟಲಿ ಹೇಳಿದರು, ನಮ್ಮ ಮಾಲ್ಟಿನದೇ. ನಿಖಿಲ್ ತಾನೇ ಗೋದಾಮಿನಿಂದ ಸೀಲು ಬಾಟಲಿ ತಂದು, ನೇರ ಅವರ ಮೇಜಿನ ಮೇಲಿಟ್ಟು, ಎಲ್ಲರೆದುರು ತೆರೆದ. ನಾನು ಕೌಂಟರಿನಲ್ಲಿ ಬೇರೆ ಮೇಜುಗಳನ್ನು ನೋಡಿಕೊಳ್ಳುತ್ತಿದ್ದೆ. ಆ ಬಾಟಲಿ ನನ್ನ ಕೈಗೆ ಬರಲೇ ಇಲ್ಲ.

ಸರ್ ಎದ್ದು ನಿಂತು ಎಲ್ಲರಿಗೂ ಹೇಳಿದರು: "ಇದು ತುಟ್ಟಿ ಮಾಲಲ್ಲ. ಆದರ ಪ್ರಾಮಾಣಿಕ ಮಾಲು. ಅಲ್ಲಿ ನಿಂತಾನಲ್ಲ ಶೇಖರಪ್ಪ, ಅವ ಕಲಿಸಿದ್ದು ನನಗ." ಹತ್ತಾರು ತಲೆಗಳು ನನ್ನ ಕಡೆ ತಿರುಗಿದವು. ಅವರು ಒಂದು ಗುಟುಕು ಕುಡಿದರು. ಒಂದು ಕ್ಷಣ ಗ್ಲಾಸನ್ನೇ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಜೋರಾಗಿ "ಭಾಳ ಛೊಲೊ ಅದ" ಎಂದರು. ನಾನು ದೂರದಿಂದಲೇ ಕೈಮುಗಿದೆ. ಗ್ಲಾಸುಗಳೆಲ್ಲ ಯಂತ್ರಕ್ಕೆ ಹೋಗಿ ನಿಂಬೆಯಾಗಿ ಹೊರಬಂದವು.

ಅದರ ನಂತರ ಸರ್ ಬರಲಿಲ್ಲ. ನಿವೃತ್ತರು, ಬೇಲಾಪುರಕ್ಕೆ ಹೋಗುವ ಕೆಲಸವಿಲ್ಲ, ಹಾಗಾಗಿ ಬರುತ್ತಿಲ್ಲ ಎಂದುಕೊಂಡೆ. ಆದರೆ ಒಂದು ಸಂಜೆ ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಎದುರಾದರು. ತಪ್ಪಿಸಿಕೊಂಡು ಹೋಗುವ ಹಾಗೆ ಕಂಡಿತು. ಅಡ್ಡ ನಿಂತೆ.

"ಏನು ಸರ್, ನಮ್ಮನ್ನು ಮರ್ತೇಬಿಟ್ರಿ?"

"ಇಲ್ಲಪಾ, ಮರಿಯೂದೇನು. ನನ್ನ ನಾಲಿಗಿ ಸತ್ತದ."

"ಅಂದ್ರೆ?"

"ಆವತ್ತು ಊಟಕ್ಕ ಬಂದಿದ್ವಲ್ಲ, ಏನೂ ತಿಳೀಲಿಲ್ಲ ನೋಡು. ಕೆಮ್ಮಿನ ಔಷಧ ಕುಡಿದ್ಹಂಗ ಆತು. ಬಾಟಲಿ ಅದ, ಡಬ್ಬಿ ಅದ, ನೀ ಅದೀ. ಎಲ್ಲಾ ಸರಿ ಅದ ಅಂದ ಮ್ಯಾಲೆ ಕೆಟ್ಟದ್ದು ಯಾವುದು? ನನ್ನ ನಾಲಿಗೀನಽ. ಮನ್ಯಾಗ ಸಾರಿನ ರುಚಿ ಮ್ಯಾಲೂ ಈಗ ಸಂಶಯ. ಉಪ್ಪು ಸರಿ ಅದ ಏನು ಅಂತ ಹೆಂಡತೀನ್ನ ಕೇಳಿ ಉಣ್ಣತೀನಿ. ವಯಸ್ಸಾತು, ಬಿಡು. ಸುಮ್ಮನ ಯಾಕ ರೊಕ್ಕ ದಂಡ?"

ಅಷ್ಟು ಹೇಳಿ ಗಾಡಿ ಹಿಡಿಯಲು ಇಳಿದು ಹೋದರು. ನಾನು ಜನರ ನೂಕುನುಗ್ಗಲಿನಲ್ಲಿ ಅಲ್ಲೇ ನಿಂತೆ. ಮಾಲು ಕೆಟ್ಟಿದೆ ಎಂದು ಬೈದಿದ್ದರೆ ನನಗೆ ಅಷ್ಟು ತಾಗುತ್ತಿರಲಿಲ್ಲ. ಬೈಗುಳ ನಮ್ಮ ಕೆಲಸದಲ್ಲಿ ದಿನದ ಊಟ. ಈ ಮನುಷ್ಯ ನನ್ನ ಮಾತನ್ನು ಸರಿ ಮಾಡಲು ತಮ್ಮ ನಾಲಿಗೆಯನ್ನೇ ಸುಳ್ಳು ಮಾಡಿಕೊಂಡಿದ್ದರು.

ಮರುದಿನ ಎಲ್ಲರಿಗಿಂತ ಮೊದಲು ಬಾರಿಗೆ ಹೋದೆ. ಗೋದಾಮಿನಲ್ಲಿ ಆ ಮಾಲ್ಟಿನ ಹೊಸ ಪೆಟ್ಟಿಗೆ ಇತ್ತು, ನಿಖಿಲ್ ತರಿಸಿದ್ದು; ಸರ್ ಊಟದ ದಿನ ಅವನು ತೆಗೆದದ್ದೂ ಇದರಿಂದಲೇ, ಕೌಂಟರಿಗೆ ಇದರದ್ದು ಇನ್ನೂ ಒಂದೂ ಬಂದಿರಲಿಲ್ಲ. ಒಂದು ಬಾಟಲಿ ತೆಗೆದೆ. ಸೀಲು ಚೊಕ್ಕ, ಲೇಬಲ್ ಚೊಕ್ಕ. ತೆರೆಯುವ ಮೊದಲು ಕೈ ತನ್ನ ಅಭ್ಯಾಸದಂತೆ ಉಗುರುಬಣ್ಣ ತೆಗೆದು ಬಾಟಲಿಯನ್ನು ತಿರುಗಿಸಿತು.

ತಳದಲ್ಲಿ ಚುಕ್ಕೆ ಆಗಲೇ ಇತ್ತು. ನನ್ನದೇ ಚುಕ್ಕೆ, ನನ್ನ ಹೆಂಡತಿಯ ಉಗುರಿನದೇ ಕೆಂಪು.

ಕೌಂಟರಿಗೇ ಬಾರದ, ಸೀಲು ಒಡೆಯದ ಬಾಟಲಿಯ ತಳದಲ್ಲಿ ನನ್ನ ಚುಕ್ಕೆ ಬರುವುದು ಹೇಗೆ? ಪೆಟ್ಟಿಗೆಯ ಉಳಿದ ಬಾಟಲಿಗಳನ್ನೂ ತಿರುಗಿಸಿದೆ. ಹಲವುಗಳಲ್ಲಿ ಅದೇ ಚುಕ್ಕೆ. ನಾವು ಕುಡಿಸಿ ಖಾಲಿ ಮಾಡಿ ಮಾರಿದ ಬಾಟಲಿಗಳೇ ಹೊಟ್ಟೆ ತುಂಬಿಸಿಕೊಂಡು ನಮ್ಮ ಮನೆಗೇ ತಿರುಗಿ ಬಂದಿದ್ದವು. ಲೇಬಲ್ ನೋಡಿದವರು ತಳ ನೋಡಿರಲಿಲ್ಲ. ಎಂಟ್ರಿ ಲೆವೆಲ್ ಮಾಲ್ಟನ್ನೇ ಯಾಕೆ ಆರಿಸಿದರು? ಅದರ ಬಾಟಲಿ ಹೇರಳ ಸಿಗುತ್ತದೆ, ಮತ್ತು ಅದನ್ನು ಯಾರೂ ಗಮನವಿಟ್ಟು ಕುಡಿಯುವುದಿಲ್ಲ. ಐಸಿನಡಿ ಹೂತು ಕುಡಿಯುವವರಿಗೆ ಯಾವುದಾದರೇನು!

ಆದರೂ ನಾನು ಅವಸರ ಮಾಡಲಿಲ್ಲ. ಆ ಬಾಟಲಿಯಿಂದ ಒಂದು ಗ್ಲಾಸಿಗೆ, ನನ್ನ ಕೌಂಟರಿನ ಹಳೆಯ ಬಾಟಲಿಯಿಂದ ಇನ್ನೊಂದು ಗ್ಲಾಸಿಗೆ ತುಸು ಹಾಕಿ, ಸುತ್ತ ಆಡಿಸಿ ಚೆಲ್ಲಿ, ಮುಚ್ಚಿ, ಹಳೆಯ ಮೋರಿಯ ಕಟ್ಟೆಯ ಮೇಲಿಟ್ಟೆ. ಯಂತ್ರದ ಹುಡುಗರಿಗೆ ಮುಟ್ಟಬೇಡಿ ಎಂದು ಹೇಳಿದೆ. ಮಾರನೆಯ ಬೆಳಿಗ್ಗೆ ಮೂಸಿದರೆ ಹಳೆಯ ಬಾಟಲಿಯದರಲ್ಲಿ ಹುರಿದ ಧಾನ್ಯ. ಹೊಸದರಲ್ಲಿ ಹಳಸಿದ ಪಾಕ, ಮೇಲೆ ಅಂಗಡಿಯ ಎಸೆನ್ಸು.

ನಿಖಿಲ್‌ನನ್ನು ಕರೆದು ಬಾಟಲಿಯ ತಳ ತೋರಿಸಿದೆ.

"ಯೇ ಕ್ಯಾ ಹೈ?"

"ನನ್ನ ಚುಕ್ಕೆ. ಎಲ್ಲಿಂದ ತರಿಸಿದ್ದು ಈ ಪೆಟ್ಟಿಗೆ?"

"ಏಜೆಂಟ್ ನೇ ದಿಯಾ. ಡ್ಯೂಟಿ ಫ್ರೀ ಮಾಲ್, ಶೇಖರಣ್ಣ. ಇಸ್ ಲಿಯೇ ಸಸ್ತಾ."

"ಸುಂಕ ಇಲ್ಲದ ಮಾಲು, ಅದಕ್ಕೆ ಅಗ್ಗ? ಖಾಲಿ ಬಾಟಲಿ ತಗೊಂಡು ಹೋಗುವವನೂ ಅವನೇ ಅಲ್ವಾ? ದೀಪ ಮಾಡ್ಲಿಕ್ಕೆ?"

ಅವನ ಮುಖದ ಬಣ್ಣ ಹೋಯಿತು. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ, ಅದನ್ನು ನಾನು ನಂಬುತ್ತೇನೆ. ಆದರೆ ನನ್ನ ಸಿಟ್ಟು ಅದರಿಂದ ಕಡಿಮೆಯಾಗಲಿಲ್ಲ. ಅಗ್ಗಕ್ಕೆ ಸಿಕ್ಕಾಗ ಯಾಕೆ ಅಗ್ಗ ಎಂದು ಕೇಳದಿರುವುದು ಗೊತ್ತಿಲ್ಲದಿರುವುದಲ್ಲ, ಗೊತ್ತು ಮಾಡಿಕೊಳ್ಳದಿರುವುದು. ಅದರೊಳಗೆ ಏನು ಸ್ಪಿರಿಟ್ಟು ತುಂಬಿದ್ದಾರೋ ಯಾರಿಗೆ ಗೊತ್ತು? ಇಂಥದನ್ನು ಕುಡಿದು ಕಣ್ಣು ಕಳಕೊಂಡವರಿದ್ದಾರೆ, ಜೀವ ಕಳಕೊಂಡವರಿದ್ದಾರೆ. ನಾವು ಅದಕ್ಕೆ "ಕಿತ್ತಳೆ ಸಿಪ್ಪೆ" ಎಂದು ಅಚ್ಚು ಹಾಕಿಸಿದ್ದೆವು!

ಅವತ್ತೇ ಇಬ್ಬರೂ ಮಾಜಿವಾಡಾಕ್ಕೆ ಹೋದೆವು. ಧಣಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು. ಎಲ್ಲ ಕೇಳಿಸಿಕೊಂಡರು.

"ಶೇಖರ, ಹುಡುಗ ಮೋಸ ಹೋದ. ದೊಡ್ಡದು ಮಾಡ್ಬೇಡ. ಬೇರೆಯವರಿಂದ ತರಿಸುವ. ಇದ್ದದ್ದನ್ನು ಕಾಕ್‌ಟೇಲಿಗೆ ಹಾಕಿ ಮುಗಿಸಿಬಿಡಿ."

ಈ ಮನುಷ್ಯನ ಅನ್ನ ಉಂಡು ಬೆಳೆದವನು ನಾನು. ಅವರ ಎದುರು ದನಿ ಎತ್ತಿದವನಲ್ಲ. ಅವತ್ತು ಎತ್ತಿದೆ.

"ಧಣಿ, ನಿಮ್ಮ ಮಗನ ಮದುವೆಯಲ್ಲಿ ನೆಂಟರಿಗೆ ಇದನ್ನು ಬಡಿಸ್ತೀರಾ? ಹಾಗಾದ್ರೆ ಕಾಕ್‌ಟೇಲಿಗೆ ಹಾಕುವ."

ಒಳಗಿನಿಂದ ನಿಖಿಲ್‌ನ ಅಮ್ಮ ಬಂದು ಬಾಗಿಲಲ್ಲಿ ನಿಂತರು. ಧಣಿ ತಮ್ಮ ಮಂಡಿಯನ್ನು ತಿಕ್ಕಿಕೊಂಡರು.

"ಚೆಲ್ಲು," ಎಂದರು ಕೊನೆಗೆ. "ಎಲ್ಲ ಚೆಲ್ಲು. ಆದ್ರೆ ಗಿರಾಕಿಗಳ ಹತ್ರ ಬಾಯಿ ಬಿಡಬೇಡ. ಅಂಗಡಿ ಉಳೀಬೇಕಲ್ಲ."

ಚೆಲ್ಲಿದೆವು. ಒಂದು ಬಾಟಲಿ ಮಾತ್ರ ನಾನು ತೆಗೆದಿಟ್ಟೆ. ಲೇಬಲ್ಲಿಗೆ ಗೀರು ಹಾಕುವ ಪದ್ಧತಿ ಮತ್ತೆ ಬಂತು. ಯಂತ್ರದ ನಿಂಬೆ ಹೋಗಲಿಲ್ಲ. ಗಿರಾಕಿಗಳ ವಿಷಯದಲ್ಲಿ ಬಾಯಿ ಮುಚ್ಚಿಕೊಳ್ಳಬೇಕೆಂಬ ಮಾತನ್ನು ನಾನು ಪಾಲಿಸಲಿಲ್ಲ. ಅದಕ್ಕೆ ಮುಂದೆ ಏನಾಯಿತು, ನನ್ನನ್ನು ಎಷ್ಟು ಬೇಗ ಕೆಲಸ ಬಿಡಿಸಿ ಮನೆಗೆ ಕಳಿಸಿದರು ಎಂಬುದೆಲ್ಲ ಇಲ್ಲಿ ಬೇಡ. ಮೊದಲು ಸಿಕ್ಕ ರಜೆಯ ದಿನವೇ ಡೊಂಬಿವಲಿಗೆ ಹೋದೆ.

ಕುಲಕರ್ಣಿ ಸರ್ ಬಾಲ್ಕನಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ: ಏಜೆಂಟ್, ಚುಕ್ಕೆ, ಪಾಕದ ವಾಸನೆ. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರು ಪೇಪರನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿದರು.

"ಅಂದ್ರ ಆವತ್ತು ನನ್ನ ನಾಲಿಗಿ ಖರೇ ಹೇಳಿತ್ತು."

"ಹೌದು ಸರ್. ನಿಮ್ಮ ನಾಲಿಗೆ ಸರಿ ಉಂಟು. ಮಾಲು ಖೋಟಾ."

"ಮೊದಲನೇ ಗುಟುಕಿಗೇ ತಿಳದಿತ್ತು ನನಗ!" ಮಡಚಿದ ಪೇಪರನ್ನು ಕುರ್ಚಿಗೆ ಬಡಿದರು. "ನಿನ್ನ ಮಾರಿ ನೋಡಿದೆ. ನೀ ಕೈಮುಗದಿ. ಶೇಖರಪ್ಪ ನಿಂತಾನ ಅಂದ ಮ್ಯಾಲೆ ಸುಳ್ಳಾಗೂದಿಲ್ಲ ಅಂತ, ಅಷ್ಟು ಮಂದಿ ಮುಂದ ಭಾಳ ಛೊಲೊ ಅಂದೆ. ನನ್ನ ನಾಲಿಗಿ ಮಾತ ನಾ ಕೇಳಲಿಲ್ಲಲ್ಲೋ! ಇಷ್ಟು ದಿನ ಹೆಂಡತೀಗೆ ಉಪ್ಪು ಕೇಳಿ ಉಂಡೆ!"

ಅವರ ಹೆಂಡತಿ ಚಹಾ ತಂದಿಟ್ಟು, "ಉಪ್ಪು ನಾ ಹಾಕಿಲ್ಲ, ಕುಡೀರಿ" ಎಂದು ಒಳಗೆ ಹೋದರು. ನಾನು ತಲೆ ತಗ್ಗಿಸಿ ಕೂತೆ. ಅಲ್ಲಿ ನನಗೊಂದು ವಿಷಯ ಸ್ಪಷ್ಟವಾಯಿತು, ಕೌಂಟರಿಗೆ ಬರುವ ಹೊಸಬರು ಇದನ್ನಾದರೂ ಇಟ್ಟುಕೊಳ್ಳಲಿ. ಗಿರಾಕಿಗೆ ಒಳ್ಳೆಯದನ್ನು ಕೊಟ್ಟರಷ್ಟೇ ಸಾಲದು. ಅವನ ನಾಲಿಗೆಯ ಜಾಗದಲ್ಲಿ ನಾವು ಹೋಗಿ ಕೂರಬಾರದು. ಮೊಬೈಲಿನ ಅಂಕವನ್ನು ನಾನು ಇಷ್ಟು ಬೈಯುತ್ತೇನಲ್ಲ, ಸರ್ ಪಾಲಿಗೆ ನಾನೂ ಅಂಥದೇ ಒಂದು ಅಂಕವಾಗಿದ್ದೆ.

"ನಾಳಿ ಮುಂಜಾನೆ ಬರ್ತೀನಿ," ಎಂದರು ಸರ್ ಕೊನೆಗೆ. "ಗ್ಲಾಸು ತೊಳೀದ ಇಡು. ಖೋಟಾದ್ದೂ ಇಡು, ಖರೇದ್ದೂ ಇಡು. ಯಾವುದು ಯಾವುದು ಅಂತ ಹೇಳಿದ್ರ ನೋಡು ಮತ್ತ."

ಬಂದರು. ಕಚೇರಿಗೆ ಹೋಗುವವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಡೊಂಬಿವಲಿಯ ಆ ಬೆಳಗಿನ ಗಾಡಿಯ ಗರ್ದಿಯಲ್ಲಿ ಬೆವೆತು ಬಂದಿದ್ದರು. ಮೋರಿಯ ಕಟ್ಟೆಯ ಮೇಲೆ ಗ್ಲಾಸುಗಳನ್ನು ಬಟ್ಟೆ ಮುಚ್ಚಿ ಇಟ್ಟಿದ್ದೆ. ಬಟ್ಟೆ ತೆಗೆದೆ. ಅವರು ಪ್ಯಾಂಟ್ ಎತ್ತಿ ಹಿಡಿದು ವಾಸಣ್ಣನ ಹಾಗೆಯೇ ಕುಕ್ಕರಗಾಲಿನಲ್ಲಿ ಕೂತರು. ಪಕ್ಕದಲ್ಲಿ ನಳದಿಂದ ಬಕೆಟ್ಟಿಗೆ ನೀರು ಬೀಳುತ್ತಿತ್ತು.

ಮೊದಲ ಗ್ಲಾಸು ಎತ್ತಿದರು. ಮುಖ ಕಿವುಚಿ ಕೆಳಗಿಟ್ಟರು. "ಕೆಮ್ಮಿನ ಔಷಧ."

ಎರಡನೆಯದನ್ನು ಎತ್ತಿ ಬಹಳ ಹೊತ್ತು ಹಿಡಿದುಕೊಂಡರು. ಕಣ್ಣು ಮುಚ್ಚಿದರು. ನನಗೆ ತಡೆಯಲಾಗಲಿಲ್ಲ.

"ಸರ್, ಅದರಲ್ಲಿ..."

"ನೀ ಬಾಯಿ ಮುಚ್ಚು."

ಮುಚ್ಚಿದೆ. ಅವರು ಇನ್ನೊಮ್ಮೆ ಮೂಸಿದರು.

"ನಮ್ಮವ್ವ ಗೋಧಿ ಹುರಿಯೂ ಮುಂದ ಪಡಸಾಲಿತನಕಾ ಬರ್ತಿತ್ತು ಈ ವಾಸನಿ. ಹೌದಲ್ಲ?"

ಕೇಳಿ ನನ್ನ ಮುಖ ನೋಡಲಿಲ್ಲ. ಗ್ಲಾಸಿನೊಳಕ್ಕೇ ನೋಡುತ್ತ, "ಹೌದು," ಎಂದು ತಾವೇ ಹೇಳಿಕೊಂಡರು.